ಮನೋರಮಾ ಟೀಚರ ಕೊರಿಯನ್

ಬನ್ನಂಜೆಯ ನಮ್ಮ ಪಕ್ಕದ ಮನೆಯ ಮನೋರಮಾ ಟೀಚರಿಗೆ ಕೊರಿಯನ್ ಭಾಷೆ ಬರುತ್ತದೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಅದರಿಂದ ಏನು ಉಪಯೋಗ ಎಂದು ಕೇಳುತ್ತಾರೆ. ಆ ಪ್ರಶ್ನೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತ, ರೇಡಿಯೋ ಕೇಳಿ, ಅಂಚೆಯಲ್ಲಿ ಪುಸ್ತಕ ತರಿಸಿ ಒಬ್ಬರೇ ಆ ಭಾಷೆ ಕಲಿತವರು ಅವರು. ಅದಕ್ಕೆ ಕನ್ನಡದಲ್ಲಿ ವ್ಯಾಕರಣವನ್ನೂ ನಿಘಂಟನ್ನೂ ಬರೆದರು. ಅವರಿಗಿಂತ ಮೊದಲು ಯಾರೂ ಆ ಕೆಲಸಕ್ಕೆ ಕೈ ಹಾಕಿರಲಿಲ್ಲ. ಮದುವೆಯಾಗಲಿಲ್ಲ, ಕೊರಿಯಾಕ್ಕೂ ಹೋಗಲಿಲ್ಲ. ಸಂಜೆಯಾದರೆ ಒಬ್ಬರೇ ಗಟ್ಟಿಯಾಗಿ ಕೊರಿಯನ್ ಮಾತಾಡಿಕೊಳ್ಳುತ್ತಿದ್ದರು.

"ಎಂತ ಟೀಚರೇ, ಗೋಡೆಗೆ ಪಾಠವಾ?" ಎಂದು ನಾನು ಕಾಂಪೌಂಡಿನ ಈಚೆಯಿಂದ ಕೀಟಲೆ ಮಾಡುತ್ತಿದ್ದೆ.

"ಗೋಡೆಗೆ ನನ್ನ ತಪ್ಪು ಗೊತ್ತಾಗುವುದಿಲ್ಲ ಮಾರಾಯ್ತಿ. ಆ ಊರಿನವರು ಒಬ್ಬರಾದರೂ ಕೇಳಿ, ಸರಿ ಉಂಟು ಅಂತ ಹೇಳಬೇಕು. ಸಾಯುವ ಮೊದಲು ಅಷ್ಟಾದರೆ ಸಾಕು ನನಗೆ."

ನಾನು ರೋಸಲಿನ್, ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ನರ್ಸು. ಕಳೆದ ಡಿಸೆಂಬರಿನಲ್ಲಿ ನಮ್ಮ ವಾರ್ಡಿಗೆ ಕೊರಿಯಾದ ಅಜ್ಜಿಯೊಬ್ಬರು ಬಂದರು. ಇಲ್ಲಿ ಕೆಲಸಕ್ಕಿದ್ದ ಮಗ ತಾಯಿಗೆ ಕಾರ್ಕಳದ ಗೊಮ್ಮಟನನ್ನು ತೋರಿಸಿ ಕರೆತರುವಾಗ ಬೆಳ್ಮಣ್ ಹತ್ತಿರ ಕಾರು ಮಗುಚಿತ್ತು. ಅಜ್ಜಿಯ ಕಾಲು ಮುರಿದಿತ್ತು. ಮಗ ಮರುದಿನ ಬೆಳಿಗ್ಗೆ ಐಸಿಯುವಿನಲ್ಲಿ ತೀರಿಕೊಂಡ. ಅದು ಅಜ್ಜಿಗೆ ಗೊತ್ತಿರಲಿಲ್ಲ. ಅವರಿಗೆ ಮಗನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

"ನೋವು ಉಂಟಾ ಅಂತ ಮೊಬೈಲಿನಲ್ಲಿ ಟ್ರಾನ್ಸ್‌ಲೇಟ್ ಮಾಡಿ ಕೇಳಿದ್ದಾಯಿತು ಸಿಸ್ಟರ್. ಮಗ ಹೋದ ಅಂತಲೂ ಈ ಮೊಬೈಲೇ ಹೇಳಬೇಕಾ?" ಎಂದರು ಡಾಕ್ಟರ್ ಹೃಷೀಕೇಶ. ನಾನು ಟೀಚರಿಗೆ ಫೋನ್ ಮಾಡಿದೆ.

ಕೊರಿಯಾದವರು ಬಂದಿದ್ದಾರೆ ಎಂದಷ್ಟೇ ಕೇಳಿ ಟೀಚರು ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ವಿಷಯ ತಿಳಿದದ್ದೇ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕುಳಿತುಬಿಟ್ಟರು. ಪಾಪ, ಅವರನ್ನು ನೋಡಿ ನನಗೆ ಅಳು ಬಂತು.

"ಒಮ್ಮೆಲೇ ಹೇಳುವುದು ಬೇಡ ರೋಸಲಿನ್. ಸ್ವಲ್ಪ ಸೀರಿಯಸ್ ಅಂತ ಹೇಳುತ್ತೇನೆ. ಮತ್ತೆ ಅವರಿಗೇ ಗೊತ್ತಾಗುತ್ತದೆ, ಅಲ್ವಾ?"

ನಮ್ಮಲ್ಲಿ ಹಾಗೆಯೇ ಅಲ್ಲವೇ? ಸ್ವಲ್ಪ ಸೀರಿಯಸ್ ಎಂದು ಫೋನು ಬಂದರೆ ಮನೆಯವರು ಅಲ್ಲೇ ಅಳಲು ಶುರುಮಾಡುತ್ತಾರೆ. ಸತ್ತರು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಟೀಚರು ಹಾಸಿಗೆಯ ಬಳಿ ಬಗ್ಗಿ ಮಾತಾಡಿದರು. ಅಜ್ಜಿ ಬೆಚ್ಚಿಬಿದ್ದು ಅವರ ಕೈ ಹಿಡಿದುಕೊಂಡರು. ಆಮೇಲೆ ಇಬ್ಬರಲ್ಲೂ ಮಾತೇ ಮಾತು. ಟೀಚರ ಮುಖ ಅಷ್ಟು ಅರಳಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಬಂದ ಕೆಲಸವನ್ನೇ ಮರೆತರೋ ಏನೋ. ಕೊನೆಗೆ ದನಿ ತಗ್ಗಿಸಿ ಆ ಸ್ವಲ್ಪ ಸೀರಿಯಸ್ ಎಂಬ ಮಾತನ್ನು ಹೇಳಿದರು.

ಅಜ್ಜಿ ಅಳಲಿಲ್ಲ. ಬೆಳಗಿನಿಂದ ಬೇಡವೆಂದು ದೂಡಿದ್ದ ಗಂಜಿಯನ್ನು ತಾವೇ ಕೇಳಿ ತರಿಸಿಕೊಂಡು ಗಬಗಬ ಉಣ್ಣತೊಡಗಿದರು. ಬೆರಳಿನಿಂದ ತಲೆಗೂದಲು ಸರಿಮಾಡಿಕೊಂಡರು.

"ಮಗನ ಆರೈಕೆ ಮಾಡಬೇಕಂತೆ, ಅದಕ್ಕೆ ಶಕ್ತಿ ಬೇಕಂತೆ," ಎಂದರು ಟೀಚರು.

ಅಯ್ಯೋ ದೇವರೇ! ಆ ತಾಯಿ ಮಗನಿಗೆ ಜೀವ ಇದೆ ಎಂದೇ ತಿಳಿದಿದ್ದರು. ಟೀಚರು ಗಂಜಿಯ ಬಟ್ಟಲನ್ನು ಅಜ್ಜಿಯ ಕೈಯಿಂದ ಮೆಲ್ಲ ತೆಗೆದು ಬದಿಗಿಟ್ಟು, ಈ ಸಲ ನೇರವಾಗಿ ಹೇಳಿದರು. ಅಜ್ಜಿ ಅವರ ಮುಖವನ್ನೇ ನೋಡಿದರು. ಏನೋ ಒಂದು ಮಾತು ಹೇಳಿ, ಕೈ ಬಿಡಿಸಿಕೊಂಡು, ಗೋಡೆಯ ಕಡೆ ತಿರುಗಿದರು.

ಡ್ಯೂಟಿ ಮುಗಿಸಿ ನಾನು ಟೀಚರನ್ನು ರಿಕ್ಷಾದಲ್ಲಿ ಮನೆಗೆ ಕರೆದುಕೊಂಡು ಹೊರಟೆ. ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಕೊನೆಗೆ ಎಂತ ಹೇಳಿದ್ದು ಟೀಚರೇ ಅವರು?"

ಇಂದ್ರಾಳಿ ದಾಟುವಾಗ ಅವರು ಆ ಒಳ್ಳೆಯ ಸೀರೆಯ ಸೆರಗನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡರು.

"ನೀವು ನಮ್ಮವರ ಹಾಗೆಯೇ ಮಾತಾಡುತ್ತೀರಿ, ಅದಕ್ಕೇ ನೀವು ಮೊದಲು ಹೇಳಿದ್ದನ್ನು ನಂಬಿದೆ, ಅಂತ ಹೇಳಿದರು."