ನಲವತ್ತೊಂದು ಚಾಲೂ ಆತು

“ಚಾಲೂ! ಚಾಲೂ ಆತು!”

ಶಂಕರಪ್ಪನವರು ಎರಡೂ ಕೈ ಎತ್ತಿ ಕೂಗಿದ ರಭಸಕ್ಕೆ ವಿಶಾಖಪಟ್ಟಣದ ಆ ಲೋಕೋ ಶೆಡ್ಡಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಹಾರದೆ ಏನು ಮಾಡಿಯಾವು, ಹುಬ್ಬಳ್ಳಿಯ ಗಂಟಲು! ಎದುರಿಗೆ ‘ನಲವತ್ತೊಂದು’ ನಿಂತಿತ್ತು. ಮೂವತ್ತಾರು ವರ್ಷ ದುಡಿದು ನಾಳೆ ಗುಜರಿಗೆ ಹೊರಟಿದ್ದ ಡೀಸೆಲ್ ಎಂಜಿನ್. ಅದು ಒಮ್ಮೆ ಕೆಮ್ಮಿ, ಮೈ ನಡುಗಿಸಿ, ಕರಿಹೊಗೆ ಉಗುಳಿ ಗುಡುಗುಡು ಶುರುಮಾಡಿತ್ತು. ಅದರ ಕೊನೆಯ ಸದ್ದು ಕೇಳಲೆಂದೇ ಬಂದಿದ್ದ ಇಪ್ಪತ್ತು ಮಂದಿ ರೈಲುಹುಚ್ಚರು ಮೊಬೈಲ್ ಎತ್ತಿ ಹಿಡಿಯುವಷ್ಟರಲ್ಲಿ ಸದ್ದು ನಿಂತೇಹೋಯಿತು.

ಕಿಟಕಿಯಿಂದ ಡ್ರೈವರ್ ಈಶ್ವರಯ್ಯ ತಲೆ ಹೊರಹಾಕಿದರು. “ಏಮೈಂದಿ ಸಾರ್? ಮೀರೇ ಕದಾ ಚಾಲು ಅನ್ನಾರು!”

ಏನಾಯಿತು, ನೀವೇ ತಾನೆ ಸಾಕು ಅಂದಿದ್ದು ಎಂಬ ಪ್ರಶ್ನೆ! ಶಂಕರಪ್ಪ ಹಣೆ ಹಣೆ ಬಡಿದುಕೊಂಡರು. ಹುಬ್ಬಳ್ಳಿಯಲ್ಲಿ ಚಾಲೂ ಎಂದರೆ ಶುರು, ತೆಲುಗಿನಲ್ಲಿ ಚಾಲು ಎಂದರೆ ಸಾಕು. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ತೆಲುಗಿನಲ್ಲೇ ದುಡಿದು ನಿವೃತ್ತರಾದವರಿಗೆ ಇದು ಗೊತ್ತಿಲ್ಲದ ಸಂಗತಿಯೇ? ಆದರೆ ಖುಷಿ ಉಕ್ಕಿತೆಂದರೆ ಅವರ ಬಾಯಿ ಸೀದಾ ಹುಬ್ಬಳ್ಳಿಗೇ ಓಡುತ್ತಿತ್ತು.

“ಅಂಕಲ್, ಬ್ಯಾಟರಿ ಪೂರ್ತಿ ವೀಕು. ಒಂದ್ಸಲ ಸ್ಟಾರ್ಟ್ ಆಗೋದೇ ಹೆಚ್ಚು ಅಂತ ಈಶ್ವರಯ್ಯಗಾರು ಮೊದಲೇ ಹೇಳಿದ್ರು ಕದಾ,” ಎಂದಳು ಪ್ರೇರಣಾ. ಕಾರ್ಖಾನೆಯ ಟೌನ್‌ಷಿಪ್ಪಿನಲ್ಲೇ ಹುಟ್ಟಿ ಬೆಳೆದ ಈ ಕನ್ನಡದ ಹುಡುಗಿಯೇ ಎರಡು ತಿಂಗಳು ಓಡಾಡಿ ಇವತ್ತಿನ ಅನುಮತಿ ತಂದಿದ್ದಳು. ಅವಳ ಮುಖ ನೋಡಿ ಶಂಕರಪ್ಪನವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಮದುವೆಯಾದ ಮರುದಿನ ವಿಜಯವಾಡದಿಂದ ಶಂಕರಪ್ಪ ದಂಪತಿಯನ್ನು ಇಲ್ಲಿಗೆ ಎಳೆದು ತಂದದ್ದು ಇದೇ ನಲವತ್ತೊಂದು. ತವರು ಬಿಟ್ಟ ತೆಲುಗಿನ ಹೆಂಡತಿ ಸೂರ್ಯಕಾಂತಮ್ಮ ದಾರಿಯುದ್ದಕ್ಕೂ ಅತ್ತಿದ್ದರು. ರಾಜಮಂಡ್ರಿಯಲ್ಲಿ ಗಂಡ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆಸಿ ಎಂಜಿನ್ ತೋರಿಸಿ, ಅದರ ಸದ್ದನ್ನು ಬಾಯಲ್ಲೇ ಅಣಕಿಸಿದಾಗ ಮೊದಲ ಸಲ ನಕ್ಕಿದ್ದರು. ಈಗ ಮಗಳು ಹಾರಿಕಾಳ ಬಾಣಂತನಕ್ಕೆ ವಿಜಯವಾಡದಲ್ಲಿದ್ದರು. ಕೊನೆಯ ಸದ್ದು ಫೋನಿನಲ್ಲಿ ಕೇಳಿಸುತ್ತೇನೆಂದು ಶಂಕರಪ್ಪ ಮಾತು ಕೊಟ್ಟಿದ್ದರು. ಸಂಭ್ರಮದಲ್ಲಿ ನಂಬರ್ ಒತ್ತುವುದೇ ಮರೆತುಹೋಗಿತ್ತು.

ಬ್ಯಾಟರಿ ಹತ್ತು ನಿಮಿಷ ಸುಧಾರಿಸಿಕೊಳ್ಳಲಿ, ಆಮೇಲೆ ನೋಡೋಣ ಎಂದರು ಈಶ್ವರಯ್ಯ. ಶಂಕರಪ್ಪ ಹೆಂಡತಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

“ಸೂರ್ಯಾ, ತಪ್ಪಾತು. ಚಾಲೂ ಅಂದ್‌ಬಿಟ್ಟೆ.”

ಆ ಕಡೆಯಿಂದ ನಗು ಸಿಡಿಯಿತು. “ಅಯ್ಯೋ ರಾಮಾ! ಮದುವಿ ಊಟದಾಗೂ ಇದನ್ನೇ ಮಾಡಿದ್ರಲ್ಲಂಡಿ! ಬೀಗರ ಪಂಕ್ತಿಗೆ ‘ಊಟ ಚಾಲೂ ಮಾಡ್ರಿ’ ಅಂದ್ರಿ, ನಮ್ಮೋರು ಸಿಹಿ ಬೂರೆಲು ಬುಟ್ಟಿ ವಾಪಸ್ ಒಳಗೆ ಒಯ್ದ್ರು. ನಿಮ್ಮ ಅವ್ವ ಇರೋತನಕ ಅದನ್ನ ಮರೀಲಿಲ್ಲ.”

ಸುತ್ತಲಿನವರೆಲ್ಲ ನಕ್ಕರು. ಪ್ರೇರಣಾ ಕೂಡ ನಕ್ಕಳು.

“ಮೊದ್ಲ ಬಾಯಿ ಮುಚ್ಕೊಂಡು ನಿಂದರ್ರಿ. ಬಿಳಿ ಅಂಗಿ ಹಾಕ್ಕೊಂಡ್ ಹೋಗೀರಿ, ಮಸಿ ಮಾಡ್ಕೊಂಡ್ ಬರಬ್ಯಾಡ್ರಿ,” ಎಂದರು ಸೂರ್ಯಕಾಂತಮ್ಮ.

ಶಂಕರಪ್ಪ ನಿಜವಾಗಿಯೂ ಕರವಸ್ತ್ರ ಮಡಚಿ ಬಾಯಿಗೆ ತುರುಕಿಕೊಂಡರು. ಈಶ್ವರಯ್ಯ ಒಳಗೆ ಹೋಗಿ ಗುಂಡಿ ಒತ್ತಿದರು. ಒಳಗಿನ ಗಾಲಿಗಳು ನಿಧಾನಕ್ಕೆ ನರಳಿದವು. ಇನ್ನೂ ನಿಧಾನವಾದವು. ಇನ್ನೇನು ನಿಂತವು ಎನ್ನುವಾಗ ಒಂದು ಸಿಲಿಂಡರು ಗುಡ್ ಎಂದಿತು, ಇನ್ನೊಂದು ದನಿಗೂಡಿಸಿತು. ಕರಿಹೊಗೆ ಸೂರಿಗೆ ಬಡಿದು ನಾಲ್ಕೂ ಕಡೆ ಹರಡಿತು. ಕಾಲಡಿಯ ನೆಲ ನಡುಗಿತು. ಶಂಕರಪ್ಪ ಕರವಸ್ತ್ರ ಕಚ್ಚಿಕೊಂಡೇ ಫೋನನ್ನು ಎಂಜಿನ್ನಿನ ಕಡೆ ನೀಡಿದರು. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು. ಹೊಗೆಗೆ ಎಂದು ಹೇಳಲು ಬಾಯಿ ಖಾಲಿ ಇರಲಿಲ್ಲ.

ಗುಡುಗುಡು, ಗುಡುಗುಡು. ಐದು ನಿಮಿಷ ಕಳೆಯಿತು.

ಈ ಸಲ ಎಡವಟ್ಟು ಬೇಡವೆಂದು ಈಶ್ವರಯ್ಯ ಕಿಟಕಿಯಿಂದ ಬಗ್ಗಿ, ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು. “ಸಾರ್, ಚಾ…ಲಾ?”

ಸಾಕಾ? ಶಂಕರಪ್ಪ ಬಾಯಿಂದ ಕರವಸ್ತ್ರ ತೆಗೆಯುವ ಮೊದಲೇ ಅಂಗೈಯಲ್ಲಿದ್ದ ಫೋನು ತವರಿನ ತೆಲುಗಿನಲ್ಲಿ ಕೂಗಿತು:

“ಚಾಲದು!”

ಸಾಲದಂತೆ! ಈಶ್ವರಯ್ಯ ಗಹಗಹಿಸಿ ನಗುತ್ತಾ ವೇಗದ ಹಿಡಿಯನ್ನು ಒಂದು ಮೆಟ್ಟಿಲು ಮುಂದಕ್ಕೆ ನೂಕಿದರು. ನಲವತ್ತೊಂದು ಮೈತುಂಬ ಗುಡುಗಿತು. ಬಿಳಿ ಅಂಗಿಯ ಮೇಲೆ ಮಸಿ ಸಣ್ಣಗೆ ಉದುರತೊಡಗಿತು. ಶಂಕರಪ್ಪ ಅದನ್ನು ಕೊಡವಿಕೊಳ್ಳಲಿಲ್ಲ. ಫೋನ್ ಹಿಡಿದ ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿ ನಿಂತರು.