ಬೋಣಿಗೆಯ ಪೆಡಲ್

ಬೆಳಿಗ್ಗೆ ಹನ್ನೊಂದಕ್ಕೆ ಪುಣೆಯ ಒಂದು ವೆಲ್ಡಿಂಗ್ ಸಾಮಾನಿನ ಅಂಗಡಿಗೆ ಸುದ್ದಿ ಬಂತು: ವೆಲ್ಡರ್ ಚನ್ನವೀರ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ.

ಹಿಂದಿನ ದಿನ ಅವನು, ತಾನು ಬೆಸುಗೆ ಹಾಕುತ್ತಿದ್ದ ಎತ್ತರದ ಟ್ಯಾಂಕಿನ ಮೇಲಿಂದಲೇ ಮಷೀನಿನ ಕರೆಂಟು ಹೆಚ್ಚುಕಡಿಮೆ ಮಾಡಲು, ಕೈ ರಿಮೋಟ್ ಕೇಳಿದ್ದ. ಅಂಗಡಿಯಲ್ಲಿ ಅದು ಮುಗಿದಿತ್ತು. ದಿನದ ಮೊದಲ ಗಿರಾಕಿ ಬರಿಗೈಲಿ ಹೋಗಬಾರದೆಂದು ಅಂಗಡಿಯ ಮಾಲೀಕ ಮುರುಗೆಪ್ಪ ಕಾಲಲ್ಲಿ ಒತ್ತುವ ಪೆಡಲ್ ಮುಂದಿಟ್ಟಿದ್ದ.

"ಏಣಿ ಮ್ಯಾಲ ನಿಂತು ಒತ್ತಾಕ ಮೂರನೇ ಕಾಲು ಎಲ್ಲಿಂದ ತರ್ಲಿರಿ, ಸಾವ್ಕಾರ್ರ?"

"ಬೋಣಿಗಿ ಅದಪಾ, ಒಲ್ಲೆ ಅನಬ್ಯಾಡ. ನಾಡದು ಬದಲಿ ಮಾಡಿ ಕೊಡ್ತೇನಿ."

ಚನ್ನವೀರ ನಗುತ್ತಲೇ ಒಯ್ದಿದ್ದ. ಪೆಡಲ್ ಕೆಲಸಕ್ಕೆ ಬರಲಿಲ್ಲ. ಕರೆಂಟು ಬದಲಿಸಬೇಕಾದಾಗಲೆಲ್ಲ ಮಷೀನಿನ ತನಕ ಇಳಿದು ಹತ್ತಿದ. ಹಾಗೆ ಇಳಿಯುವಾಗಲೇ ಜಾರಿದ. ತಾನು ಇಲ್ಲ ಎಂದಿದ್ದರೆ ಅವನು ಪಕ್ಕದ ಅಂಗಡಿಯಲ್ಲಿ ರಿಮೋಟ್ ಕೊಳ್ಳುತ್ತಿದ್ದನಲ್ಲ ಎಂಬುದು ಮುರುಗೆಪ್ಪನನ್ನು ಕೊರೆಯಿತು.

ಮರುದಿನ ಮೊದಲ ಗಿರಾಕಿ ಕೇಳಿದ ಸ್ವಿಚ್ ಇರಲಿಲ್ಲ. ಮುರುಗೆಪ್ಪ ಅವನಿಗೆ ಪಕ್ಕದ ಅಂಗಡಿ ತೋರಿಸಿದ.