ಗೀಟು ಹಾಕಿದ ಲೋಟ

ನಮ್ಮ ಮನೆಯಲ್ಲಿ ಒಂದು ಸ್ಟೀಲಿನ ಲೋಟವಿದೆ. ಅದರೊಳಗೆ ಮೊಳೆಯಿಂದ ಕೊರೆದ ಒಂದು ಗೀಟಿದೆ. ಕೊರೆದವಳು ನಾನೇ. ನನ್ನ ಗಂಡ ನಿಜಾಮುದ್ದೀನರ ಎರಡೂ ಕಿಡ್ನಿ ಕೈಕೊಟ್ಟು, ಮೂತ್ರ ನಿಂತು, ಮೈ ಬಾತಾಗ ದಿನಕ್ಕೆ ಇಂತಿಷ್ಟೇ ನೀರು ಎಂದು ಗದಗಿನ ಡಾಕ್ಟರು ಹೇಳಿದ್ದರು. ಗೀಟಿನವರೆಗೆ ತುಂಬಿ ದಿನಕ್ಕೆ ನಾಲ್ಕು ಸಲ, ಅಷ್ಟೇ. ನಾನು ಅಳತೆ ತಪ್ಪುವವಳಲ್ಲ. ಮಾಬೂಬಿಯಷ್ಟು ಗಟ್ಟಿ ಹೆಂಗಸು ರೋಣದಲ್ಲೇ ಇಲ್ಲ ಎಂದು ಓಣಿಯವರು ಹೇಳುತ್ತಾರೆ. ಹೊಗಳಿಕೆಯೋ ಬೈಗುಳವೋ, ನಾನು ಕೇಳಲು ಹೋಗಿಲ್ಲ.

ಕೊನೆಯ ದಿನ ಮಧ್ಯಾಹ್ನ ಅವರು ಇನ್ನೊಂದು ಗುಟುಕು ಕೇಳಿದರು. ನಾಲ್ಕೂ ಸಲದ್ದು ಮುಗಿದಿತ್ತು.

"ಮುಂಜಾನಿತನಕಾ ತಡೀರಿ" ಎಂದೆ.

ಅರಳೆಯ ಉಂಡೆ ಒದ್ದೆ ಮಾಡಿ ಅವರ ತುಟಿಗೆ ಒತ್ತಿ, ಗಾದಿ ಹೊಲಿಯಲು ಕೂತೆ. ಸಂಜೆಯೊಳಗೆ ಹೋಗಿಬಿಟ್ಟರು. ಹೋಗುವವರ ಬಾಯಿಗೆ ನೀರು ಬಿಡುತ್ತಾರೆ, ಅದೂ ಆಗಲಿಲ್ಲ. ಬಂದ ಹೆಂಗಸರು ಅತ್ತರು. ನಾನು ಅಳುವವರನ್ನು ನೋಡುತ್ತ ಕೂತಿದ್ದೆ.

ನಮ್ಮದು ಗಾದಿ ಕಟ್ಟುವ ಮನೆ. ಅರಳೆ ಕೋಣೆಗೆ ಇಲಿ ಬರಬಾರದೆಂದು ಅವರು ಹನ್ನೊಂದು ವರ್ಷದ ಹಿಂದೆ ತಂದ ಬಿಳಿ ಬೆಕ್ಕು ಬೆಳ್ಳಿ. ಆ ಕೋಣೆಗೆ ಒಂದು ತಂಬಿಗೆ ನೀರು ಒಯ್ದರೂ ಅವರು ಮನೆ ಹಾರಿಹೋಗುವಂತೆ ಬೈಯುತ್ತಿದ್ದರು, ಅರಳೆ ಮುಗ್ಗಲು ಹಿಡಿಯುತ್ತದೆ ಎಂದು. ಬೆಕ್ಕು ಮಾತ್ರ ಅಲ್ಲೇ ಅವರ ತೊಡೆಯ ಮೇಲೆ ಮಲಗುತ್ತಿತ್ತು.

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ತಿಗೆ ಕೂರಬೇಕು, ಹೊಸ್ತಿಲು ದಾಟುವಂತಿಲ್ಲ. ನಾನೂ ಕೂತೆ. ಆ ದಿನಗಳಲ್ಲೇ ಬೆಳ್ಳಿ ಕಂಡಲ್ಲಿ ನೀರು ಕುಡಿಯಲು, ಮೂಲೆಮೂಲೆಗೆ ಉಚ್ಚೆ ಹೊಯ್ಯಲು ಶುರು ಮಾಡಿತು. ಮೈಯೂ ಇಳಿಯಿತು. ಪಕ್ಕದ ಕಿರಾಣಿ ಅಂಗಡಿಯ ನೀಲವ್ವ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೋದಳು. ಕೊಟ್ರೇಶ ಡಾಕ್ಟರು ರಕ್ತ ತೆಗೆದು, ಗದಗಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಲ್ಯಾಬಿಗೆ ಕಳಿಸಿದರಂತೆ. ಮೂರನೆಯ ದಿನ ನೀಲವ್ವ ಚೀಟಿ ಹಿಡಿದುಕೊಂಡು ಬಂದಳು.

"ಬೆಳ್ಳಿಗೆ ಕಿಡ್ನಿ ತ್ರಾಸ ಐತಂತ, ಮಾಬೂಬಿ."

ಆಮೇಲೂ ಬಹಳ ಹೊತ್ತು ಏನೇನೋ ಹೇಳಿದಳು. ಅವಳ ತುಟಿ ಆಡುವುದು ಕಾಣುತ್ತಿತ್ತು, ಮಾತು ಕಿವಿಗೆ ಬೀಳಲಿಲ್ಲ. ಚೀಟಿಯನ್ನು ಓದದೆ ಗಂಡನ ರಿಪೋರ್ಟುಗಳ ತಂತಿಗೇ ಚುಚ್ಚಿದೆ.

ಕಿಡ್ನಿಯ ಕೆಲಸ ನನಗೆ ಹೇಳಿಕೊಡಬೇಕೇ? ನೀರಿನ ಬೋಗುಣಿ ಎತ್ತಿಟ್ಟೆ. ಕೊಡಕ್ಕೆ ಮುಚ್ಚಳ ಹಾಕಿದೆ, ಬಚ್ಚಲ ಕದ ಮುಚ್ಚಿದೆ. ಲೋಟ ತೆಗೆದು, ಗೀಟಿನ ಅರ್ಧಕ್ಕೆ, ದಿನಕ್ಕೆ ಎರಡೇ ಸಲ ಕೊಟ್ಟೆ. ಇದನ್ನಾದರೂ ಉಳಿಸಿಕೊಳ್ಳಬೇಕಿತ್ತು. ಅವರು ಮುಟ್ಟಿ ಆಡಿಸಿದ ಜೀವ ಅಂತ ಮನೆಯಲ್ಲಿ ಬೇರೆ ಯಾವುದೂ ಇರಲಿಲ್ಲ.

ಬೆಳ್ಳಿ ಎತ್ತಿಟ್ಟ ಬೋಗುಣಿಯ ಜಾಗದಲ್ಲಿ ಕೂತು ನನ್ನ ಮುಖ ನೋಡುತ್ತಿತ್ತು. ನಾನು ಸೂಜಿಯ ಕಡೆ ನೋಡುತ್ತಿದ್ದೆ. ನೀರು ಕಟ್ಟಿದ ನಾಲ್ಕನೆಯ ದಿನ ಒಣಮೀನು ಹಾಕಿದರೂ ಮೂಸಲಿಲ್ಲ. ಐದನೆಯ ದಿನಕ್ಕೆ ನನ್ನ ಇದ್ದತ್ತು ಮುಗಿಯಿತು. ಅಷ್ಟು ದಿನದ ಮೇಲೆ ಹೊಸ್ತಿಲು ದಾಟಿ ನಾನು ಹೋದದ್ದು ದನದ ದವಾಖಾನೆಗೆ.

ಡಾಕ್ಟರು ಬೆಳ್ಳಿಯ ಹೆಗಲ ಚರ್ಮ ಎತ್ತಿ ಬಿಟ್ಟರು. ಮೈಯ ನೀರು ಬತ್ತಿ, ಎತ್ತಿದ ಚರ್ಮ ಹಾಗೇ ನಿಂತಿತು. ನೀರೆಷ್ಟು ಕುಡಿಯುತ್ತದೆ ಎಂದು ಕೇಳಿದರು. ನಾನು ಲೋಟದ ವಿಷಯ ಹೇಳಿದೆ, ಗಂಡನದೂ ಹೇಳಿದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ ಎಂದು ಕಾಣುತ್ತದೆ. ಅವರು ಸಲಾಯಿನ್ ತಂದು ಚರ್ಮದಡಿ ಏರಿಸತೊಡಗಿದರು.

"ನಿಮ್ಮ ಯಜಮಾನರದು ಕಡೀ ಹಂತರಿ. ಇದರದು ಈಗ ಸುರುವಾಗೈತಿ. ಇದಕ್ಕ ನೀರ ದವಾ. ಎಷ್ಟ ಕುಡೀತೈತೋ ಅಷ್ಟ ಕುಡೀಲಿ."

ಒಣಮೀನು ನಿಲ್ಲಿಸಿ, ಉಪ್ಪು ಹಾಕದೆ ಬೇಯಿಸಿದ ಕೋಳಿಯನ್ನು ಅದರ ನೀರಿನಲ್ಲೇ ಹಿಸುಕಿ ಸ್ವಲ್ಪ ಸ್ವಲ್ಪ ಕೊಡಬೇಕು, ಕೋಣೆಗೊಂದು ಬೋಗುಣಿ ಇಡಬೇಕು, ಮೂರು ತಿಂಗಳಿಗೊಮ್ಮೆ ರಕ್ತ ನೋಡಿಸಬೇಕು, ಹೀಗೆ ಜೋಪಾನ ಮಾಡಿದರೆ ಇನ್ನೂ ಕೆಲವು ವರ್ಷ ಬಾಳಬಹುದು ಎಂದರು. ಇದನ್ನೆಲ್ಲ ನೀಲವ್ವನಿಗೂ ಹೇಳಿ ಕಳಿಸಿದ್ದರಂತೆ.

"ನಮ್ಮ ಮನಿಯವರಿಗೆ ಕಡೀಕ ಒಂದ ಗುಟುಕು ಕೊಟ್ಟಿದ್ರ?" ಎಂದು ಕೇಳಿದೆ.

ತಾನು ದನದ ಡಾಕ್ಟರು ಎಂದರು. ಬೆಳ್ಳಿಯನ್ನು ಚೀಲಕ್ಕೆ ಇಳಿಸುವಾಗ ಮೆಲ್ಲಗೆ ಹೇಳಿದರು:

"ಒಂದ ಗುಟುಕಿಗೆ ಏನೂ ಆಗ್ತಿರಲಿಲ್ಲ ಬಿಡ್ರಿ."

ಸಮಾಧಾನಕ್ಕೆ ಹೇಳಿದರು. ಇವತ್ತಿಗೂ ನನ್ನನ್ನು ಚುಚ್ಚುವುದು ಅದೇ ಮಾತು.

ಮನೆಗೆ ಬಂದು ಇದ್ದಬದ್ದ ಬೋಗುಣಿಗಳನ್ನೆಲ್ಲ ತುಂಬಿಟ್ಟೆ. ಬೆಳ್ಳಿ ಯಾವುದನ್ನೂ ನೋಡದೆ ಅರಳೆ ಕೋಣೆಗೆ ಹೋಗಿ, ಅವರು ಕೂರುತ್ತಿದ್ದ ಜಾಗದಲ್ಲಿ ಮಲಗಿತು. ಲೋಟ ತುಂಬಿಕೊಂಡು ಅಲ್ಲಿಗೇ ಹೋದೆ. ಮೂತಿಯ ಹತ್ತಿರ ಹಿಡಿದಾಗ ಒಮ್ಮೆ ನೆಕ್ಕಿತು, ಆಮೇಲೆ ಕುಡಿಯತೊಡಗಿತು. ಗೀಟು ಕಾಣಿಸಿಕೊಂಡಿತು. ತಂಬಿಗೆಯಿಂದ ಮತ್ತೆ ಸುರಿದೆ. ಲೋಟ ತುಂಬಿ ಹರಿಯಿತು, ನೀರು ಅರಳೆಯೊಳಕ್ಕೆ ಇಳಿಯಿತು.

ಅವರು ಬೈಯಲಿ ಎಂದು ಕಾದೆ. ಬಹಳ ಹೊತ್ತು ಕಾದೆ. ಬೆಳ್ಳಿ ಕುಡಿಯುತ್ತಲೇ ಇತ್ತು.